ಲಾಭ, ಎರಡು, ಮೂರು

ಪಕ್ಕದ ಮನೆಯ ಅಕ್ಕ ಬೇಲಿಯಾಚೆ ಕೂತು ಮಿಲ್ಲಿಗೆ ಕಳಿಸಲು ರಾಗಿ ಅಳೆಯುತ್ತಿದ್ದರು. ಸೇರು ತುಂಬುವುದು, ಅಂಗೈಯಿಂದ ಬಾಯಿ ಸವರಿ ಮಟ್ಟ ಮಾಡುವುದು, ಚೀಲಕ್ಕೆ ಸುರಿಯುವುದು. ಸುರಿಯುವಾಗೆಲ್ಲ ಬಾಯಲ್ಲಿ ಎಣಿಕೆ: “ಲಾಭ... ಎರಡು... ಮೂರು...” ಒಂದು ಎನ್ನುವ ಮಾತಿಗೆ ಅವರ ಅಳತೆಯಲ್ಲಿ ಜಾಗವಿಲ್ಲ. ಮೊದಲ ಸೇರು ಯಾವಾಗಲೂ ಲಾಭವೇ. ಕಣದಲ್ಲಿ ಅವರಪ್ಪ ಹಾಗೆ ಅಳೆಯುತ್ತಿದ್ದರಂತೆ, ನಮ್ಮಪ್ಪನೂ ಹಾಗೇ.

ನಾನು ಪೂಜೆಗೆ ಬೇಲಿಯ ದಾಸವಾಳ ಬಿಡಿಸುತ್ತಿದ್ದೆ. ಅಕ್ಕ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು.

“ಮೇಷ್ಟ್ರೇ, ಮತ್ತೆ ಜನ ಎಣಿಸ್ತಾರಂತಲ್ಲ, ಟೀವೀಲಿ ಹೇಳ್ತಿದ್ರು. ರಾಗಿ ಎಣಿಸೋದು ಸರಿ, ಕುರಿ ಎಣಿಸೋದೂ ಸರಿ. ಮನುಷ್ಯರನ್ನ ಯಾಕೆ ಎಣಿಸ್ಬೇಕು? ಮಕ್ಕಳೆಷ್ಟು ಅಂತ ಯಾರಾದ್ರೂ ಕೇಳಿದ್ರೆ ನಮ್ಮವ್ವ ಲೆಕ್ಕ ಹೇಳ್ತಿರ್ಲಿಲ್ಲ. ‘ದೇವ್ರು ಕೊಟ್ಟಷ್ಟು’ ಅಂತಿದ್ಳು. ಎಣಿಸಿದ್ರೆ ದೃಷ್ಟಿ ಆಗುತ್ತೆ ಅಂತ.”

ನಾನು ಹೂವಿನ ಬುಟ್ಟಿ ಕೆಳಗಿಟ್ಟೆ. 1991, 2001, 2011, ಈ ಮೂರು ಗಣತಿಗಳಲ್ಲಿ ಮನೆಮನೆ ತಿರುಗಿದವನು ನಾನು. ಈ ಪ್ರಶ್ನೆಯನ್ನು ಎಷ್ಟೋ ಬಾಗಿಲಲ್ಲಿ ಕೇಳಿಸಿಕೊಂಡಿದ್ದೇನೆ. ಆಗೆಲ್ಲ ನಿಂತ ಕಾಲಲ್ಲಿ ಎರಡು ಮಾತು ಹೇಳಿ ಮುಂದಿನ ಮನೆಗೆ ಓಡಬೇಕಿತ್ತು. ಇವತ್ತು ಹೊತ್ತಿತ್ತು.

“ನಿಮ್ಮವ್ವನ ಭಯ ಬಹಳ ಹಳೇದು ಅಕ್ಕಾ,” ಅಂದೆ. ಬೈಬಲ್ಲಿನಲ್ಲಿ ದಾವೀದ ರಾಜ ತನ್ನ ಜನರನ್ನು ಎಣಿಸಿದ. ದೇವರಿಗೆ ಅದು ಸರಿಬರಲಿಲ್ಲ, ನಾಡಿನ ಮೇಲೆ ವ್ಯಾಧಿ ಬಂದು 70,000 ಮಂದಿ ಸತ್ತರು ಎಂದು ಕಥೆ. 1753ರಲ್ಲಿ ಇಂಗ್ಲೆಂಡಿನ ಸಂಸತ್ತಿಗೆ ಜನರನ್ನು ಎಣಿಸುವ ಮಸೂದೆ ಬಂದಾಗ ಅಲ್ಲಿಯವರು ಇದೇ ಕಥೆಯನ್ನು ನೆನೆದು ಬೆದರಿದರು. ಎಣಿಸಿದ ಮೇಲೆ ತೆರಿಗೆ ಬರುತ್ತದೆ, ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆಯುತ್ತಾರೆ ಎಂಬ ಅಂಜಿಕೆ ಬೇರೆ. ಮಸೂದೆ ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ ಮೊದಲ ಗಣತಿ ನಡೆದದ್ದು 1801ರಲ್ಲಿ, ಮಸೂದೆ ಬಿದ್ದ ನಲವತ್ತೆಂಟು ವರ್ಷಗಳ ಮೇಲೆ.

ಅಕ್ಕ ತಲೆಯಾಡಿಸಿದರು. “ನೋಡಿ ಮತ್ತೆ. ನಮ್ಮವ್ವ ಓದಿದೋಳಲ್ಲ, ಆದ್ರೂ ಗೊತ್ತಿತ್ತು.”

ಅವರ ತಾಯಿಗೆ ಗೊತ್ತಿದ್ದದ್ದು ನಿಜವೇ. ಎಣಿಕೆ ಹುಟ್ಟಿದ್ದು ಜನರ ಒಳ್ಳೆಯದಕ್ಕಲ್ಲ. ಸೆನ್ಸಸ್ ಎಂಬ ಮಾತು ಲ್ಯಾಟಿನ್ನಿನದು. ಅದರ ಬೇರಿನಲ್ಲಿರುವ ಅರ್ಥ ಬೆಲೆ ಕಟ್ಟುವುದು, ಅಂದಾಜು ಮಾಡುವುದು. ರೋಮ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ಪ್ರಜೆಗಳು ಅಧಿಕಾರಿಯ ಮುಂದೆ ನಿಂತು ಹೆಸರು, ಮನೆಯವರು, ಆಸ್ತಿ ಎಲ್ಲ ಹೇಳಬೇಕಿತ್ತು. ಅದನ್ನು ಶುರುಮಾಡಿದವನು ಸರ್ವಿಯಸ್ ಟುಲಿಯಸ್ ಎಂಬ ಅರಸ ಎಂದು ಅವರ ಪರಂಪರೆ ಹೇಳುತ್ತದೆ. ಎಷ್ಟು ಆಸ್ತಿಯೋ ಅಷ್ಟು ತೆರಿಗೆ, ಯುದ್ಧದಲ್ಲಿ ಅಂಥ ಜಾಗ, ಮತದಲ್ಲಿ ಅಂಥ ತೂಕ. ಆಸ್ತಿಯೇ ಇಲ್ಲದವರಿಗೆ ಬೇರೆ ಹೆಸರಿತ್ತು. ಅವರು ಬರೀ ತಲೆ ಎಣಿಕೆಯವರು. ಹಾಗೆ ಬರೆದುಕೊಳ್ಳುತ್ತಿದ್ದ ಅಧಿಕಾರಿಯೇ ಸೆನ್ಸಾರ್. ಜನರ ನಡತೆಯ ಮೇಲೂ ಕಣ್ಣಿಡುವುದು ಅವನ ಕೆಲಸವಾಗಿತ್ತು. ಇವತ್ತು ಸಿನಿಮಾಕ್ಕೆ ಕತ್ತರಿ ಹಾಕುವ ಸೆನ್ಸಾರ್ ಎಂಬ ಮಾತು ಬಂದದ್ದೂ ಅವನಿಂದಲೇ.

ನಮ್ಮ ಕಡೆಯ ಹಳೆಯ ಮಾತು ಖಾನೇಷುಮಾರಿ. ಅಕ್ಕನಿಗೆ ಆ ಮಾತು ಕೇಳುತ್ತಲೇ ಮುಖ ಅರಳಿತು, “ನಮ್ಮ ತಾತ ಹಂಗೇ ಅಂತಿದ್ದ” ಅಂದರು. ಅದು ಫಾರಸಿಯಿಂದ ಬಂದದ್ದು. ಖಾನಾ ಎಂದರೆ ಮನೆ, ಶುಮಾರ್ ಎಂದರೆ ಎಣಿಕೆ. ಕಾರ್ಖಾನೆ, ದವಾಖಾನೆಗಳಲ್ಲಿರುವುದು ಇದೇ ಖಾನೆ. ನಾವು ದಿನವೂ ಆಡುವ ‘ಸುಮಾರು’ ಕೂಡ ಆ ಶುಮಾರಿನಿಂದಲೇ ಬಂದದ್ದು. ಕನ್ನಡಕ್ಕೆ ಬರುವಷ್ಟರಲ್ಲಿ ಎಣಿಕೆ ಸವೆದು ಅಂದಾಜಾಗಿದೆ. ಯೇಸು ಹುಟ್ಟುವ ಮುನ್ನ ಜೋಸೆಫನೂ ಮೇರಿಯೂ ಹೆಸರು ಬರೆಸಲು ಬೆತ್ಲೆಹೇಮಿಗೆ ಹೊರಟ ಪ್ರಸಂಗದಲ್ಲಿ ಕನ್ನಡ ಬೈಬಲ್ಲಿಗೆ ಒದಗಿಬಂದದ್ದೂ ಈ ಖಾನೇಷುಮಾರಿಯೇ. ರೋಮಿನವರು ಆಸ್ತಿಗೆ ಬೆಲೆ ಕಟ್ಟಿದರು, ಫಾರಸಿಯವರು ಮನೆ ಎಣಿಸಿದರು. ಜನರನ್ನೇ ಹೆಸರಿನಲ್ಲಿಟ್ಟುಕೊಂಡ ಮಾತು ನಮ್ಮ ಜನಗಣತಿ. ನನಗೆ ಈ ಮಾತಿನ ಮೇಲೆ ತುಂಬ ಪ್ರೀತಿ. ಗಣತಿ ಹುಟ್ಟಿದ ಬೇರಿನಿಂದಲೇ ಗಣ್ಯ ಎಂಬ ಮಾತೂ ಹುಟ್ಟಿದೆ. ಎಣಿಕೆಗೆ ಅರ್ಹನಾದವನು ಗಣ್ಯ, ಎಣಿಸಬೇಕಿಲ್ಲದ್ದು ನಗಣ್ಯ. ಸಭೆಯ ವೇದಿಕೆಯಲ್ಲಿ ಕುರ್ಚಿ ಸಿಕ್ಕಿದವರನ್ನು ಮಾತ್ರ ಗಣ್ಯರು ಅನ್ನುತ್ತೇವೆ. ಆದರೆ ಗಣತಿಯ ಹಾಳೆಯಲ್ಲಿ ಮಂತ್ರಿಗೂ ಒಂದೇ ಸಾಲು, ಅವರ ಮನೆ ಕಸ ಗುಡಿಸುವವರಿಗೂ ಒಂದೇ ಸಾಲು.

“ನಮ್ಮ ರಾಜರು ಎಣಿಸ್ತಿರ್ಲಿಲ್ವಾ?” ಅಕ್ಕ ಕೇಳಿದರು.

ಎಣಿಸುತ್ತಿದ್ದರು, ಅದೂ ಬಹಳ ಕಟ್ಟುನಿಟ್ಟಾಗಿ. ಅದು ನಮಗೆ ಗೊತ್ತಾದದ್ದು ಮೈಸೂರಿನಿಂದಲೇ ಎನ್ನುವುದು ನನಗೆ ಹೆಮ್ಮೆ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಎಂದು ಎಲ್ಲರೂ ನಂಬಿದ್ದಾಗ, 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಗೋಪ ಎಂಬ ಅಧಿಕಾರಿಯೊಬ್ಬ ಬರುತ್ತಾನೆ. ಐದೋ ಹತ್ತೋ ಹಳ್ಳಿ ಅವನ ಕೈಕೆಳಗೆ. ತೆರಿಗೆ ಕೊಡುವ ಮನೆ ಯಾವುದು, ಕೊಡದ ಮನೆ ಯಾವುದು, ಬೇಸಾಯದವರು, ದನ ಕಾಯುವವರು, ವ್ಯಾಪಾರಿಗಳು, ಕುಶಲಕರ್ಮಿಗಳು, ದಾಸರು ಎಷ್ಟು ಮಂದಿ, ಎರಡು ಕಾಲಿನವು ಎಷ್ಟು, ನಾಲ್ಕು ಕಾಲಿನವು ಎಷ್ಟು, ಮನೆಯಲ್ಲಿ ಎಳೆಯರೆಷ್ಟು, ಮುದುಕರೆಷ್ಟು, ಅವರ ಕಸುಬೇನು, ವರಮಾನವೇನು, ಖರ್ಚೇನು ಎಲ್ಲವನ್ನೂ ಅವನು ಬರೆದಿಡಬೇಕು. ಅವನು ಬರೆದದ್ದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಗೃಹಸ್ಥರ ವೇಷದಲ್ಲಿ ಗೂಢಚಾರರು. ನನಗೆ ಗಣತಿಯ ತರಬೇತಿ ಕೊಟ್ಟಾಗ ಅರ್ಥಶಾಸ್ತ್ರವನ್ನು ಯಾರೂ ನೆನೆಸಲಿಲ್ಲ, ಆದರೆ ಕೈಗೆ ಕೊಟ್ಟ ನಮೂನೆಯಲ್ಲಿ ಅರ್ಧಕ್ಕರ್ಧ ಗೋಪನ ಪ್ರಶ್ನೆಗಳೇ ಇದ್ದವು.

ಒಂದು ವ್ಯತ್ಯಾಸವಿತ್ತು, ನನಗೆ ಮುಖ್ಯವೆನಿಸುವುದು ಅದೇ. ಗೋಪ ಬರೆದದ್ದು ರಾಜನ ಬೊಕ್ಕಸಕ್ಕೆ. ನಾನು ಬರೆದುಕೊಂಡ ಒಂದೊಂದು ಮನೆಯ ಗುಟ್ಟು ಆ ಮನೆಯದೇ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದನ್ನು ಬೇರೆಯವರಿಗೆ ತೋರಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಇಡುವಂತಿಲ್ಲ. ಹಾಗೆಂದು ಹೆದರುವವರನ್ನು ನಾನು ತಪ್ಪು ಅನ್ನಲಾರೆ. 1942ರಲ್ಲಿ ಅಮೆರಿಕದವರು ತಮ್ಮಲ್ಲೇ ಇದ್ದ ಜಪಾನೀ ಮೂಲದವರನ್ನು ಹಿಡಿದು ಶಿಬಿರಗಳಿಗೆ ಕಳಿಸಿದರು. ಅವರು ಎಲ್ಲೆಲ್ಲಿದ್ದಾರೆ ಎಂದು ಹುಡುಕಲು ಅಲ್ಲಿನ ಗಣತಿಯ ಲೆಕ್ಕವೇ ನೆರವಾಯಿತು. ಎಣಿಸುವವನು ಮಾತಿಗೆ ತಪ್ಪಿದರೆ ಎಣಿಸಿಕೊಂಡವರಿಗೆ ಏನಾಗುತ್ತದೆ ಎನ್ನುವುದಕ್ಕೆ ಅದೊಂದೇ ಸಾಕು.

“ಹಂಗಾದ್ರೆ ಬಾಗಿಲು ಹಾಕ್ಕೊಳ್ಳೋದೇ ವಾಸಿ,” ಅಂದರು ಅಕ್ಕ.

“ಇಲ್ಲ ಅಕ್ಕಾ. ಎಣಿಸದೆ ಬಿಡೋದು ಅದಕ್ಕಿಂತ ಕೆಟ್ಟದ್ದು,” ಅಂದೆ. ಆಸ್ಟ್ರೇಲಿಯಾದ ಸಂವಿಧಾನ 1901ರಲ್ಲಿ ಜಾರಿಗೆ ಬಂದಾಗ, ಅಲ್ಲಿನ ಮೂಲನಿವಾಸಿಗಳನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಕೂಡದು ಎಂದು ಅದರಲ್ಲೇ ಬರೆದಿತ್ತು. ಅದನ್ನು ತೆಗೆದುಹಾಕಿದ್ದು 1967ರಲ್ಲಿ, ಜನರ ಮತ ಕೇಳಿದ ಮೇಲೆ. ಅಮೆರಿಕದ ಸಂವಿಧಾನವನ್ನು ಬರೆದವರು ಗುಲಾಮನೊಬ್ಬನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಎಂದು ಲೆಕ್ಕ ಹಿಡಿದಿದ್ದರು. ಐದು ಜನ ಬೆವರು ಸುರಿಸಿದರೆ ಲೆಕ್ಕದಲ್ಲಿ ಮೂರು ಜನ.

ಅಕ್ಕ ಸೇರನ್ನು ಚೀಲದ ಮೇಲಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು. “ದೂರದ ದೇಶ ಯಾಕೆ ಮೇಷ್ಟ್ರೇ. ನಮ್ಮನೇಲೇ ನೋಡಿ. ಹೋದ ಸಲ ಬರ್ಕೊಳ್ಳೋಕೆ ಬಂದಾಗ ನಮ್ಮೆಜಮಾನ್ರು ಹೇಳಿದ್ರು, ‘ಇವ್ಳು ಮನೇಲೇ ಇರೋದು, ಏನೂ ಕೆಲ್ಸ ಇಲ್ಲ’ ಅಂತ. ಆಗ ನಾಲ್ಕು ಹಸು ಕರೀತಿದ್ದೆ. ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ.”

ಈ ಮಾತಿಗೆ ನನ್ನಲ್ಲಿ ದೊಡ್ಡ ಕಥೆಯೇ ಇದೆ. 1991ರಲ್ಲಿ ನಾನು ಮೊದಲ ಸಲ ಹೋದಾಗ ಕೆಲಸದ ಪ್ರಶ್ನೆಗೆ ಒಂದು ಮಾತು ಹೊಸದಾಗಿ ಸೇರಿತ್ತು. ಹೊಲದಲ್ಲಾಗಲಿ ಮನೆಯ ಉದ್ಯೋಗದಲ್ಲಾಗಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯೂ ಕೆಲಸವೇ ಎಂದು. ಬರೀ ಅರ್ಧ ಸಾಲು, ಆದರೆ ಎಷ್ಟೋ ಹೆಂಗಸರು ಅದರೊಳಗೆ ಅಡಗಿದ್ದರು. ಆ ಅರ್ಧ ಸಾಲನ್ನು ಗಟ್ಟಿಯಾಗಿ ಓದಿ ಕೇಳದಿದ್ದರೆ ಉತ್ತರ ಒಂದೇ: “ಮನೇಲೇ ಇರೋದು.” ಎರಡು ದಿನ ನಾನೂ ಹಾಗೆಯೇ ಬರೆದುಕೊಂಡೆ. ಮೂರನೆಯ ದಿನ ಒಂದು ಮನೆಯಲ್ಲಿ ಗಂಡ “ಏನೂ ಇಲ್ಲ, ಮನೇಲೇ” ಅನ್ನುತ್ತಿರುವಾಗ ಆತನ ಹೆಂಡತಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದರು. ಆಮೇಲೆ ನಾನು ಪ್ರಶ್ನೆ ಕೇಳುವ ರೀತಿಯನ್ನೇ ಬದಲಿಸಿದೆ. ಹಸು ಕರೆಯೋರು ಯಾರು? ಡೈರಿಗೆ ಹಾಲು ಹಾಕೋರು ಯಾರು? ಕಳೆ ಕೀಳೋರು ಯಾರು? ವರ್ಷದಲ್ಲಿ ಎಷ್ಟು ತಿಂಗಳು? ಆರು ತಿಂಗಳಾದರೆ ಒಂದು ಬಗೆ, ಕಡಿಮೆಯಾದರೆ ಇನ್ನೊಂದು ಬಗೆ. ಮೊದಲ ಎರಡು ದಿನದ ಮನೆಗಳಿಗೂ ಸಂಜೆ ಮತ್ತೆ ಹೋಗಿ ತಿದ್ದಿದೆ. ಒಬ್ಬ ಗಣತಿದಾರನ ಪಾಲಿಗೆ ನೂರಿಪ್ಪತ್ತೋ ನೂರೈವತ್ತೋ ಮನೆ ಬರುತ್ತವೆ. ಅಷ್ಟು ಮನೆಯ ಹೆಂಗಸರ ದುಡಿಮೆ ದೇಶದ ಲೆಕ್ಕದಲ್ಲಿ ಇರಬೇಕೋ ಬೇಡವೋ ಎನ್ನುವುದು ಬಾಗಿಲಲ್ಲಿ ನಿಂತ ಒಬ್ಬ ಮೇಷ್ಟರ ನಾಲಿಗೆಯ ಮೇಲಿರುತ್ತದೆ.

“ಈ ಸಲ ನೀವೇ ಮುಂದೆ ಬಂದು ಹೇಳಿ ಅಕ್ಕಾ,” ಅಂದೆ. “ಹೈನುಗಾರಿಕೆ ಅಂತ ಬರೆಸಿ.”

“ಸೊಸೆ ತುಳು ಮಾತಾಡೋಳು. ಅವಳ ಭಾಷೆ?”

“ತುಳು ಅಂತಲೇ ಬರೆಸಿ. ಕನ್ನಡದ ಮನೆ ಅಂತ ಕನ್ನಡ ಬರೆಸ್ಬೇಡಿ.” 2011ರಲ್ಲಿ ಮಾತೃಭಾಷೆ ತುಳು ಎಂದು ಬರೆಸಿದವರು ದೇಶದಲ್ಲಿ 18 ಲಕ್ಷ 46 ಸಾವಿರ ಮಂದಿ. ತುಳುವನ್ನು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಿ ಎಂದು ಕೇಳುವವರ ಕೈಯಲ್ಲಿರುವ ಆಧಾರಗಳಲ್ಲಿ ಆ ಸಂಖ್ಯೆಯೂ ಒಂದು. ಕೊಡವ ಭಾಷೆಯವರು 1 ಲಕ್ಷ 13 ಸಾವಿರ. ಚಿಕ್ಕ ಭಾಷೆಗೆ ಒಂದೊಂದು ಮನೆಯೂ ದೊಡ್ಡದು.

ಹೊಸ ಗಣತಿಯ ಬಗ್ಗೆ ಗೊತ್ತಿದ್ದಷ್ಟು ಹೇಳಿದೆ. 2021ರಲ್ಲಿ ಆಗಬೇಕಿದ್ದದ್ದು ಕೋವಿಡ್ ಬಂದು ನಿಂತುಹೋಯಿತು, ಆಮೇಲೆ ಮುಂದೆ ಹೋಗುತ್ತಲೇ ಇತ್ತು. ಈಗ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿದ್ದಾರೆ. ಅದಕ್ಕೆ ಮುಂಚೆ ಮನೆಪಟ್ಟಿ. ಕಾಗದದ ಜಾಗದಲ್ಲಿ ಮೊಬೈಲು. ಜಾತಿಯನ್ನೂ ಕೇಳುತ್ತಾರೆ. ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಕೊನೆಯ ಸಲ ಹೊರಬಂದದ್ದು 1931ರದು. ಈ ತಡದಿಂದ ನನಗೆ ನಿಜಕ್ಕೂ ನೋವಾಗಿದೆ. ಎಷ್ಟು ಜನರಿಗೆ ಪಡಿತರ ಎಂಬ ಮಿತಿ ಈಗಲೂ 2011ರ ಜನಸಂಖ್ಯೆಯ ಮೇಲೇ ನಿಂತಿದೆ. ಆ ಮೇಲೆ ಹುಟ್ಟಿದ ಮಕ್ಕಳು ಉಣ್ಣುತ್ತಿದ್ದಾರೆ, ಬೆಳೆಯುತ್ತಿದ್ದಾರೆ, ಲೆಕ್ಕದಲ್ಲಿ ಮಾತ್ರ ಇನ್ನೂ ಹುಟ್ಟಿಲ್ಲ. 1881ರಿಂದ ಹತ್ತು ಹತ್ತು ವರ್ಷಕ್ಕೆ ತಪ್ಪದೆ ನಡೆದುಬಂದದ್ದು ಇದು. 1941ರಲ್ಲಿ, ಮಹಾಯುದ್ಧದ ನಡುವೆಯೂ ನಿಂತಿರಲಿಲ್ಲ.

ಬಿಸಿಲು ಏರುತ್ತಿತ್ತು. ಅಕ್ಕ ಮತ್ತೆ ಸೇರು ಕೈಗೆತ್ತಿಕೊಂಡರು, ಆದರೆ ತುಂಬಲಿಲ್ಲ. “ಮನೆ ಇದ್ದೋರ್ನ ಹುಡುಕ್ಕೊಂಡು ಬರ್ತೀರಿ. ಮನೆ ಇಲ್ದೋರ್ನ?”

ಅವರನ್ನೂ ಎಣಿಸುತ್ತೇವೆ. 2011ರ ಫೆಬ್ರವರಿ 28ರ ರಾತ್ರಿ ಇಡೀ ದೇಶದಲ್ಲಿ ಗಣತಿದಾರರು ಅದಕ್ಕೆಂದೇ ಹೊರಟಿದ್ದರು. ನನಗೆ ಸಿಕ್ಕಿದ್ದು ಬಸ್ ನಿಲ್ದಾಣ ಮತ್ತು ಅದರ ಪಕ್ಕದ ದೇವಸ್ಥಾನದ ಜಗಲಿ. ಜಗಲಿಯ ಮೇಲೆ ಕಂಬಳಿ ಹೊದ್ದು ಒಬ್ಬ ಮುದುಕ ಮಲಗಿದ್ದ. ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲಿ ಕೂತೆ. ಅವನೇ ಎದ್ದ. ಹೆಸರು ಹೇಳಿದ, ಹೆಂಡತಿಯ ಹೆಸರು ಹೇಳಿದ, ಅವಳಿಲ್ಲ ಅಂದ. ವಯಸ್ಸು ಗೊತ್ತಿರಲಿಲ್ಲ. ಅಂಥವರಿಗೆ ದೊಡ್ಡ ಘಟನೆಗಳನ್ನು ನೆನಪಿಸಿ ವಯಸ್ಸು ಹಿಡಿಯಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. “ಗಾಂಧೀಜಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರು?” ಕೇಳಿದೆ. “ದನ ಕಾಯ್ತಿದ್ದೆ. ಗೌಡ್ರು ಬಂದು ಇವತ್ತು ಒಲೆ ಹಚ್ಚಬ್ಯಾಡ್ರಿ ಅಂದ್ರು,” ಅಂದ. ಹತ್ತು ವರ್ಷ ಎಂದು ಹಿಡಿದರೆ 73. ಬರೆದೆ. ಟಾರ್ಚಿನ ಬೆಳಕಲ್ಲಿ ನಮೂನೆಯನ್ನೇ ನೋಡುತ್ತಿದ್ದವನು ಕೇಳಿದ, “ಇದು ದಿಲ್ಲಿಗೆ ಹೋಯ್ತದಾ?” ಹೋಗುತ್ತದೆ ಎಂದೆ. ಕಂಬಳಿ ಸರಿಮಾಡಿಕೊಂಡು ನೆಟ್ಟಗೆ ಕೂತ, ಫೋಟೋಕ್ಕೆ ಕೂತ ಹಾಗೆ. ಆ ವರ್ಷ ದೇಶದ ಲೆಕ್ಕ 121 ಕೋಟಿ ದಾಟಿತು, ನಮ್ಮ ರಾಜ್ಯದ್ದು 6 ಕೋಟಿ 10 ಲಕ್ಷ 95 ಸಾವಿರದ 297. ಆ ಕೊನೆಯ ಅಂಕಿ ಓದಿದಾಗಲೆಲ್ಲ, ಈ ಏಳರಲ್ಲಿ ಒಂದು ಆ ಮುದುಕ ಎಂದುಕೊಳ್ಳುತ್ತೇನೆ.

“ಸತ್ತೋರ ಲೆಕ್ಕ ಯಾರೂ ಇಡಲ್ಲ, ಅಲ್ವಾ?” ಅಕ್ಕ ಮೆಲ್ಲಗೆ ಕೇಳಿದರು.

ಇಡುತ್ತಾರೆ. ಒಮ್ಮೊಮ್ಮೆ ಎರಡು ಗಣತಿಗಳ ನಡುವಿನ ಕಳೆಯುವ ಲೆಕ್ಕವೇ ಅವರ ಲೆಕ್ಕ. ನನ್ನ ಮನಸ್ಸಿನಲ್ಲಿ ಸದಾ ಉಳಿದಿರುವ ಎರಡು ಸಂಖ್ಯೆಗಳಿವೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಎಣಿಸಿದಾಗ ಸಿಕ್ಕಿದ ಜನ 50 ಲಕ್ಷ 55 ಸಾವಿರದ 412. ಹತ್ತು ವರ್ಷ ಕಳೆದು, 1881ರ ಫೆಬ್ರವರಿ 17ರ ರಾತ್ರಿ, ಇಡೀ ಭಾರತವನ್ನು ಮೊದಲ ಬಾರಿಗೆ ಒಂದೇ ದಿನ ಎಣಿಸಿದಾಗ ಮೈಸೂರಿನಲ್ಲಿ ಸಿಕ್ಕಿದವರು 41 ಲಕ್ಷ 86 ಸಾವಿರದ 188. ಹೆಚ್ಚಬೇಕಿದ್ದ ಕಡೆ 8 ಲಕ್ಷ 69 ಸಾವಿರ ಮಂದಿ ಕಡಿಮೆ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಮಳೆ ಮತ್ತೆ ಮತ್ತೆ ಕೈಕೊಟ್ಟು, 1876ರಿಂದ 78ರವರೆಗೆ ಜನ ದಾರಿಯಲ್ಲೇ ಬಿದ್ದು ಸತ್ತರು, ಊರು ಬಿಟ್ಟು ಚದುರಿದರು. ಇಪ್ಪತ್ತು ವರ್ಷ ಕಳೆದ ಮೇಲೂ, 1891ರಲ್ಲೂ, ಸಂಸ್ಥಾನದ ಜನಸಂಖ್ಯೆ 1871ರ ಮಟ್ಟಕ್ಕೆ ಬಂದಿರಲಿಲ್ಲ. ಆ ಸತ್ತವರಿಗೆ ವೀರಗಲ್ಲಿಲ್ಲ, ಮಾಸ್ತಿಗಲ್ಲಿಲ್ಲ. 1881ರ ಆ ಗಣತಿಯ ವರದಿ ಬರೆದವರು ನಮ್ಮ ನಾಡಿನ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರನ್ನು ಹುಡುಕಿದವರೇ ಹೆಸರಿಲ್ಲದೆ ಹೋದವರ ಲೆಕ್ಕವನ್ನೂ ಬರೆಯಬೇಕಾಯಿತು. ಐವತ್ತು ವರ್ಷ ಕಳೆದು, 1931ರಲ್ಲಿ, ಮೈಸೂರಿನ ಗಣತಿಯ ಹೊಣೆ ಹೊತ್ತವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಕಥೆ ಬರೆಯುವವರ ಕೈಗೇ ಈ ಕೆಲಸ ಸೇರಿದ್ದು ನನಗೆ ಸಹಜವಾಗಿ ಕಾಣುತ್ತದೆ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, “ನಮ್ಮ ಮನೆತನಕ್ಕೆ ಮೂಲ ಒಬ್ಬ ಹೆಂಗಸು ಮೇಷ್ಟ್ರೇ. ಬರದಲ್ಲಿ ಯಾವ್ದೋ ಕಡೆಯಿಂದ ಕಂಕುಳಲ್ಲಿ ಒಂದು ಕೂಸು ಎತ್ಕೊಂಡು ನಡ್ಕೊಂಡು ಬಂದ್ಳಂತೆ. ಇನ್ನೆರಡು ಕೂಸು ದಾರೀಲಿ ಹೋದ್ವಂತೆ. ಹೆಸ್ರು ಯಾರಿಗೂ ಗೊತ್ತಿಲ್ಲ. ಬರದಜ್ಜಿ ಅಂತೀವಿ. ಪಿತೃಪಕ್ಷದಲ್ಲಿ ಅವಳಿಗೂ ಒಂದು ಎಲೆ ಹಾಕ್ತೀವಿ. ಅವಳನ್ನ ಎಣಿಸಿದ್ರಾ?”

“1881ರ ಫೆಬ್ರವರಿಯ ಆ ರಾತ್ರಿ ಈ ಸೀಮೆಯಲ್ಲಿ ಇದ್ದಿದ್ರೆ ಎಣಿಸಿರ್ತಾರೆ ಅಕ್ಕಾ. ಆ ಕೂಸಿಗೆ ಆಗ ನಾಲ್ಕೈದು ವರ್ಷ ಆಗಿರುತ್ತೆ. 41 ಲಕ್ಷ 86 ಸಾವಿರದ 188ರಲ್ಲಿ ಅವರಿಬ್ಬರೂ ಇದ್ದಾರೆ.”

“ದಾರೀಲಿ ಹೋದ ಎರಡು?”

“ಅವು ಆ ಕಳೆಯೋ ಲೆಕ್ಕದಲ್ಲಿ.”

ಅವರು ಸೇರಿಗೆ ರಾಗಿ ತುಂಬಿದರು, ಅಂಗೈಯಿಂದ ಸವರಿದರು, ಸುರಿಯಲು ಹೋಗಿ ತಡೆದರು. ಎಷ್ಟನೆಯದೆಂದು ಮರೆತಿತ್ತು. ನನ್ನನ್ನು ಕೇಳಿದರು, ನನಗೂ ನೆನಪಿರಲಿಲ್ಲ. ಚೀಲದ ಬಾಯಿ ಹಿಡಿದು ಅಷ್ಟನ್ನೂ ಮೊರಕ್ಕೆ ಸುರಿದುಕೊಂಡು, ಮತ್ತೆ ಮೊದಲಿಂದ ಅಳೆಯಲು ಕೂತರು.

“ಲಾಭ...”